5 ವಾಟ್ ಸಾಕಾಗಿತ್ತು, ಕಿವಿ ಸಾಲದಾಗಿತ್ತು: 30×40 ಸೈಟಿನ ಒಂದು ರೇಡಿಯೋ ಕೇಂದ್ರದ ಪ್ರಕರಣ

2024ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ನನ್ನ ಮನೆಯ ಹವ್ಯಾಸಿ ರೇಡಿಯೋ ಕೇಂದ್ರದಲ್ಲಿ ನಡೆದದ್ದನ್ನು ಲಾಗ್ ಪುಸ್ತಕ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ದೂರು ಒಂದೇ ಸಾಲಿನದು. ನನ್ನ 5 ವಾಟ್ ದೂರದ ದೇಶಗಳಿಗೆ ತಲುಪುತ್ತಿತ್ತು, ಅಲ್ಲಿಂದ ಉತ್ತರ ಮಾತ್ರ ಬರುತ್ತಿರಲಿಲ್ಲ. ಈ ಒಂದು ಸಾಲಿನ ಕಾರಣ ತಿಳಿಯಲು ಐದು ತಿಂಗಳು ಹಿಡಿಯಿತು. ಅದರಲ್ಲಿ ಮೊದಲ ನಾಲ್ಕು ತಿಂಗಳು ನಾನು ತಪ್ಪು ಕಡೆ ನೋಡುತ್ತಿದ್ದೆ.

ಮನೆ ದಕ್ಷಿಣ ಬೆಂಗಳೂರಿನಲ್ಲಿದೆ. 30×40 ಅಡಿ ಸೈಟು, ನೆಲಮಹಡಿಯ ಮೇಲೆ ಎರಡು ಮಹಡಿ, ಅದರ ಮೇಲೆ ತಾರಸಿ. ಮೂರು ಕಡೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದ ಮನೆಗಳ ಗೋಡೆ. ಇಂಥ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ತಂತಿ ಎಳೆದರೆ ಸರಿಯಾಗಿ 50 ಅಡಿ, ಅಂದರೆ 15 ಮೀಟರ್ ಸಿಗುತ್ತದೆ. 7 ಮೆಗಾಹರ್ಟ್ಸ್‌ನ ಅರ್ಧತರಂಗದುದ್ದದ ತಂತಿಯ ಆಂಟೆನಾ, ಅಂದರೆ ಡೈಪೋಲ್‌ಗೆ 20 ಮೀಟರ್ ಬೇಕು, ಅದು ಇಲ್ಲಿ ನೇರವಾಗಿ ಹಿಡಿಸುವುದಿಲ್ಲ. 14 ಮೆಗಾಹರ್ಟ್ಸ್‌ನದು 10 ಮೀಟರಿನಲ್ಲಿ ಮುಗಿಯುತ್ತದೆ. ಅದರ ಪೂರ್ತಿ ತರಂಗದ ಉದ್ದ 20 ಮೀಟರ್, ಹಾಗಾಗಿ ಆ ಬ್ಯಾಂಡಿಗೆ 20 ಮೀಟರ್ ಬ್ಯಾಂಡ್ ಎಂದು ಹೆಸರು. ನಾನು ಅದನ್ನು ಆರಿಸಿಕೊಂಡದ್ದಕ್ಕೆ ಬೇರೆ ದೊಡ್ಡ ಕಾರಣವಿಲ್ಲ, ಸೈಟಿನ ಅಳತೆಯೇ ಕಾರಣ.

ಕಡಿಮೆ ಶಕ್ತಿಯಲ್ಲಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ನಮ್ಮ ದೇಶದ ಜನರಲ್ ದರ್ಜೆಯ ಪರವಾನಗಿ 400 ವಾಟ್‌ವರೆಗೆ ಅವಕಾಶ ಕೊಡುತ್ತದೆ. ಆದರೆ ಲೆಕ್ಕ ನೋಡಿ. 100 ವಾಟ್‌ನಿಂದ 5 ವಾಟ್‌ಗೆ ಇಳಿದರೆ ಆಗುವ ನಷ್ಟ 13 ಡೆಸಿಬೆಲ್ (ಒಂದು ಶಕ್ತಿ ಇನ್ನೊಂದರ ಎಷ್ಟು ಪಟ್ಟು ಎಂದು ಹೇಳುವ ಅಳತೆ). ಕೇಳುವವನ ಎಸ್-ಮೀಟರಿನಲ್ಲಿ, ಅಂದರೆ ಸಂಕೇತದ ಬಲ ತೋರಿಸುವ ಮಾಪಕದಲ್ಲಿ, ಒಂದು ಗೆರೆ ಎಂದರೆ 6 ಡೆಸಿಬೆಲ್, ಹಾಗಾಗಿ ಮುಳ್ಳು ಇಳಿಯುವುದು ಎರಡು ಗೆರೆಗಿಂತ ತುಸು ಹೆಚ್ಚು, ಅಷ್ಟೇ. ಆ ಎರಡು ಗೆರೆಗಳನ್ನು ಬಿಟ್ಟುಕೊಟ್ಟರೆ ಭಾರದ ಪವರ್ ಸಪ್ಲೈ ಬೇಡ, ಪಕ್ಕದ ಮನೆಯ ಟಿವಿಯಲ್ಲಿ ಗೆರೆ ಮೂಡುವ ಭಯವಿಲ್ಲ, ಸ್ಕೂಟರಿನ ಬ್ಯಾಟರಿಯೊಂದು ಸಂಜೆಯಿಡೀ ನಡೆಸುತ್ತದೆ. ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್ ಟ್ರಾನ್ಸೀವರ್ (ಕಳಿಸುವುದನ್ನೂ ಕೇಳುವುದನ್ನೂ ಮಾಡುವ ಪೆಟ್ಟಿಗೆ) ಇಂಥ ಕೆಲವೇ ವಾಟ್‌ಗಳ ಯಂತ್ರ. ಸುಲಭವಾಗಿ ಸಿಗುವ ಬಿಡಿಭಾಗಗಳಿಂದ ಕೈಯಾರೆ ಕಟ್ಟಿಕೊಳ್ಳಬಹುದಾದ ಆ ವಿನ್ಯಾಸವನ್ನು ಲೋಕದ ನಾನಾ ಭಾಗಗಳ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು ಕಟ್ಟಿದ್ದಾರೆ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಲೆದು ಬಿಡಿಭಾಗ ಹೊಂದಿಸಿಕೊಂಡು ನಾನು ಮೊದಲು ಬೆಸುಗೆ ಹಾಕಿದ್ದೂ ಅದಕ್ಕೇ. ಆ ಯಂತ್ರ ನನ್ನೊಳಗೆ ಒಂದು ನಂಬಿಕೆ ಬೆಳೆಸಿತ್ತು, ದೂರ ಹೋಗುವ ಕೆಲಸವನ್ನು ಆಕಾಶ ಮಾಡುತ್ತದೆ ಎಂದು. ಆ ನಂಬಿಕೆ ಸುಳ್ಳಾಗಲಿಲ್ಲ.

ಮೊದಲ ಸಾಕ್ಷ್ಯ

ಅಳತೆಗೆ ನಾನು ಬಳಸಿದ್ದು ವಿಸ್ಪರ್. ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕಾಗಿ 1993ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಜೋ ಟೇಲರ್ ಸ್ವತಃ ಹ್ಯಾಮ್. ಅವರು 2008ರಲ್ಲಿ ಈ ವಿಧಾನವನ್ನು ಕೊಟ್ಟರು. ಸಮ ಸಂಖ್ಯೆಯ ನಿಮಿಷ ಶುರುವಾಗುತ್ತಿದ್ದಂತೆ ಟ್ರಾನ್ಸ್‌ಮಿಟರ್ ಎದ್ದು, ಸುಮಾರು 110 ಸೆಕೆಂಡುಗಳ ಕಾಲ ಮೂರೇ ಸಂಗತಿ ಹೇಳುತ್ತದೆ: ಕರೆಸಂಕೇತ, ಭೂಪಟದ ಚೌಕ, ಶಕ್ತಿ. ಬೆಂಗಳೂರಿನ ಚೌಕ ಎಂಕೆ82, ಮೈಸೂರಿನದೂ ಅದೇ. ಇಡೀ ಸಂಕೇತ ಕೇವಲ 6 ಹರ್ಟ್ಸ್ ಅಗಲದೊಳಗೆ ಕೂರುವುದರಿಂದ, ಕಿವಿಗೆ ಏನೇನೂ ಕೇಳಿಸದಿದ್ದಾಗಲೂ ಗಣಕ ಅದನ್ನು ಗದ್ದಲದಡಿಯಿಂದ ಹೆಕ್ಕಿ ತೆಗೆಯುತ್ತದೆ. ಕೇಳಿಸಿಕೊಂಡ ಕೇಂದ್ರಗಳು ತಮ್ಮಲ್ಲಿನ ಗದ್ದಲಕ್ಕೆ ಹೋಲಿಸಿದರೆ ಎಷ್ಟು ಡೆಸಿಬೆಲ್‌ನಲ್ಲಿ ಕೇಳಿಸಿತು ಎಂದು ತಾವಾಗಿಯೇ ದಾಖಲಿಸುತ್ತವೆ. ಎರಡೂ ಕಡೆಯವರು ಕಳಿಸುತ್ತಲೂ ಕೇಳುತ್ತಲೂ ಇದ್ದರೆ, ದಾರಿ ಎರಡೂ ದಿಕ್ಕಿನಿಂದ ಅಳತೆಗೆ ಸಿಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಪ್ರಕರಣ ನಿಂತಿರುವುದು ಇದರ ಮೇಲೆ.

ಜನವರಿಯಲ್ಲಿ ತಂತಿಯನ್ನು ಮೆಟ್ಟಿಲ ಕೋಣೆಯಿಂದ ನೀರಿನ ಟ್ಯಾಂಕಿನ ಕಟ್ಟೆಗೆ ಕಟ್ಟಿದ್ದೆ. ಬಟ್ಟೆ ಒಣಹಾಕುವ ಹಗ್ಗದಷ್ಟೇ ಎತ್ತರ, ತಾರಸಿಯ ನೆಲದಿಂದ ಒಂದೂವರೆ ಮೀಟರ್. ಕೆಳಗೆ ಆರ್‌ಸಿಸಿಯ ಕಂಬಿಗಳ ಹಂದರ. 200 ಮಿಲಿವಾಟ್‌ನ ಸಣ್ಣ ವಿಸ್ಪರ್ ಟ್ರಾನ್ಸ್‌ಮಿಟರ್ ಹಚ್ಚಿದ ಮೊದಲ ಸಂಜೆಯೇ ಥಾಯ್ಲೆಂಡ್‌ನಿಂದ ವರದಿ ಬಂತು, ವಾರದೊಳಗೆ ಆಸ್ಟ್ರೇಲಿಯಾ ಮತ್ತು ಯೂರೋಪಿನಿಂದಲೂ ಬಂತು. ಟಾರ್ಚಿನ ಬಲ್ಬಿಗೂ ಸಾಲದಷ್ಟು ವಿದ್ಯುತ್ತು ಸಮುದ್ರ ದಾಟಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ 5 ವಾಟ್‌ನ ಸೆಟ್ಟಿನಲ್ಲಿ ಮೋರ್ಸ್‌ನಲ್ಲಿ ಕರೆ ಕೊಡಲು ಕೂತೆ. ಕಡಿಮೆ ಶಕ್ತಿಯವರು ಸೇರುವ 14.060 ಮೆಗಾಹರ್ಟ್ಸ್‌ನಲ್ಲಿ ದಿನಕ್ಕೆ ಅರ್ಧ ಗಂಟೆ, ಎರಡು ವಾರ. ಮೋರ್ಸ್ ಕರೆಗಳನ್ನು ತಾವಾಗಿಯೇ ಆಲಿಸಿ ಪಟ್ಟಿ ಮಾಡುವ ರಿವರ್ಸ್ ಬೀಕನ್ ಜಾಲದಲ್ಲಿ ನನ್ನ ಕರೆಸಂಕೇತ ಜಪಾನಿನಲ್ಲೂ ಪೂರ್ವ ಯೂರೋಪಿನಲ್ಲೂ ಕಾಣಿಸಿತು. ಆದರೂ ಉತ್ತರ ಬಂದದ್ದು ಮೂರೇ ಸಲ, ಮೂರೂ ಭಾರತದೊಳಗಿನಿಂದ.

ಹ್ಯಾಮ್‌ಗಳ ಪರಿಭಾಷೆಯಲ್ಲಿ ಇಂಥ ಕೇಂದ್ರಕ್ಕೆ ಮೊಸಳೆ ಎನ್ನುತ್ತಾರೆ, ಬಾಯಿ ದೊಡ್ಡದು, ಕಿವಿ ಸಣ್ಣದು. ಸಾಮಾನ್ಯವಾಗಿ ಆ ಹೆಸರು ಸಾವಿರ ವಾಟ್ ಸುರಿಯುವವರಿಗೆ ಸಲ್ಲುತ್ತದೆ. 5 ವಾಟ್‌ನವನೂ ಮೊಸಳೆಯಾಗಬಹುದೆಂದು ನನಗೆ ಹೊಳೆದಿರಲಿಲ್ಲ.

ತಂತಿಯನ್ನು ಎತ್ತಿದ್ದು

ಹೊಳೆಯದ ಕಾರಣ ಆಂಟೆನಾವನ್ನು ದೂರಿದೆ. ಅದು ಪೂರ್ತಿ ತಪ್ಪೂ ಆಗಿರಲಿಲ್ಲ. ಅಡ್ಡ ತಂತಿ ನೆಲಕ್ಕೆ ಹತ್ತಿರವಿದ್ದಷ್ಟೂ ಅದರ ಶಕ್ತಿ ನೆತ್ತಿಯ ಕಡೆಗೆ ಏರುತ್ತದೆ, ಎತ್ತರ ಹೆಚ್ಚಿದಷ್ಟೂ ದಿಗಂತದ ಕಡೆಗೆ ಬಾಗುತ್ತದೆ. 300 ಕಿ.ಮೀ. ಎತ್ತರದಲ್ಲಿ ರೇಡಿಯೋ ಅಲೆಯನ್ನು ನೆಲದತ್ತ ಪುಟಿಸುವ ಅಯಾನು ಪದರಕ್ಕೆ 30 ಡಿಗ್ರಿ ಕೋನದಲ್ಲಿ ಹೋದ ಅಲೆ ಸುಮಾರು 1,000 ಕಿ.ಮೀ. ಆಚೆ ನೆಲಕ್ಕಿಳಿಯುತ್ತದೆ. 10 ಡಿಗ್ರಿಯಲ್ಲಿ ಹೊರಟದ್ದು 2,000 ಕಿ.ಮೀ.ಗೂ ಹೆಚ್ಚು ದೂರ ಹಾರುತ್ತದೆ. ಒಂದೊಂದು ಹಾರಿಕೆಯಲ್ಲೂ ಅದರ ಕೆಳಗಿರುವ, ಅಲೆಯನ್ನು ಹೀರುವ ಹಗಲಿನ ಡಿ ಪದರವನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ದಾಟಬೇಕು, ಪ್ರತಿ ಸಲವೂ ಒಂದಿಷ್ಟು ಸುಂಕ ತೆರಬೇಕು. ಹಾರಿಕೆಗಳು ಕಡಿಮೆಯಾದಷ್ಟೂ 5 ವಾಟ್‌ನವನಿಗೆ ಲಾಭ.

ಫೆಬ್ರವರಿಯಲ್ಲಿ 20 ಅಡಿಯ ಜಿಐ ಪೈಪನ್ನು ತಾರಸಿಯ ನಡುವೆ ನಿಲ್ಲಿಸಿ, ತಂತಿಯ ಎರಡೂ ತೋಳುಗಳನ್ನು ಎದುರುಬದುರಿನ ಮೂಲೆಗಳಿಗೆ ಇಳಿಜಾರಾಗಿ ಕಟ್ಟಿದೆ. ನೆತ್ತಿಯೀಗ ಬೀದಿಯಿಂದ 16 ಮೀಟರ್ ಎತ್ತರದಲ್ಲಿತ್ತು. ಆಕಾಶ ದಿನಕ್ಕೊಂದು ಬಗೆಯಾಗಿ ಇರುವುದರಿಂದ ಹಿಂದಿನ ವಾರದ ಅಂಕಿಯ ಜೊತೆ ಈ ವಾರದ ಅಂಕಿಯನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅದಕ್ಕಾಗಿ ಎಂಕೆ82 ಚೌಕದೊಳಗಿನದೇ ಇನ್ನೊಂದು ವಿಸ್ಪರ್ ಕೇಂದ್ರವನ್ನು ಅಳತೆಗೋಲಾಗಿ ಇಟ್ಟುಕೊಂಡೆ. ದೂರದ ಅದೇ ಕೇಂದ್ರ, ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ, ಇಬ್ಬರನ್ನೂ ಎಷ್ಟರಲ್ಲಿ ಕೇಳಿತು ಎಂಬ ವ್ಯತ್ಯಾಸವನ್ನಷ್ಟೇ ಬರೆದುಕೊಂಡೆ. ಆ ಲೆಕ್ಕದಲ್ಲಿ ಹೊಸ ಎತ್ತರ ನನಗೆ ಕೊಟ್ಟದ್ದು ಸುಮಾರು 6 ಡೆಸಿಬೆಲ್. ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಿದಷ್ಟೇ ಫಲ, ಒಂದು ಪೈಪಿನ ಬೆಲೆಗೆ.

ನಾನು ಇನ್ನೂ ಜೋರಾಗಿ ಕೇಳಿಸತೊಡಗಿದೆ. ನನಗೆ ಕೇಳಿಸುವುದರಲ್ಲಿ ಏನೂ ಬದಲಾಗಲಿಲ್ಲ. ಎಸ್-ಮೀಟರಿನ ಮುಳ್ಳು ಖಾಲಿ ಆವರ್ತನದಲ್ಲೂ 7ರ ಗೆರೆಯ ಮೇಲೆ, ಗೂಟಕ್ಕೆ ಕಟ್ಟಿದ ಹಾಗೆ ನಿಂತಿತ್ತು.

ಪರ್ತ್‌ನ ಲೆಕ್ಕ

ಏಪ್ರಿಲ್‌ನಲ್ಲಿ ಒಂದು ಸಂಜೆ ಪಶ್ಚಿಮ ಆಸ್ಟ್ರೇಲಿಯಾದ ಪರ್ತ್ ಬಳಿಯ ಒಂದು ಕೇಂದ್ರ ನನ್ನ 200 ಮಿಲಿವಾಟ್ ಅನ್ನು ಮೈನಸ್ 16 ಡೆಸಿಬೆಲ್‌ನಲ್ಲಿ ಕೇಳಿತು. ಸುಮಾರು 6,400 ಕಿ.ಮೀ. ದಾರಿ. ಅದೇ ಕೇಂದ್ರ 5 ವಾಟ್‌ನಲ್ಲಿ ಕಳಿಸಿದ್ದು ನನಗೆ ಮೈನಸ್ 21ರಲ್ಲಿ ಕೇಳಿಸಿತು. ಎರಡನ್ನೂ ಅಕ್ಕಪಕ್ಕ ಬರೆದಾಗ ಪೆನ್ನು ನಿಂತಿತು.

ಅಯಾನುಗೋಳದ ದಾರಿಯಲ್ಲಿ ಹೋಗುವ ನಷ್ಟವೂ ಬರುವ ನಷ್ಟವೂ ಸರಿಸುಮಾರು ಒಂದೇ. ಆಂಟೆನಾಗಳೂ ಹಾಗೆಯೇ, ಕಳಿಸುವಾಗ ಎಷ್ಟು ಒಳ್ಳೆಯದೋ ಕೇಳುವಾಗಲೂ ಅಷ್ಟೇ ಒಳ್ಳೆಯದು. ಅವರ 5 ವಾಟ್ ನನ್ನ 200 ಮಿಲಿವಾಟ್‌ಗಿಂತ 14 ಡೆಸಿಬೆಲ್ ಹೆಚ್ಚು. ಎರಡೂ ಕಡೆಯ ಗದ್ದಲ ಒಂದೇ ಆಗಿದ್ದರೆ ಅವರು ನನಗೆ ಮೈನಸ್ 2ರಲ್ಲಿ ಕೇಳಿಸಬೇಕಿತ್ತು. 19 ಡೆಸಿಬೆಲ್ ಎಲ್ಲೋ ಸೋರಿಹೋಗಿತ್ತು, ಎಸ್-ಮೀಟರಿನ ಮೂರು ಗೆರೆ. 5 ವಾಟ್ ಆಯ್ದುಕೊಂಡು ನಾನು ಬಿಟ್ಟುಕೊಟ್ಟದ್ದಕ್ಕಿಂತ ಇದು ದೊಡ್ಡ ನಷ್ಟ, ಅದೂ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ ಕಡೆಯಲ್ಲಿ. ನನ್ನ ಕರೆಗೆ ಉತ್ತರಿಸಿದವರು ಎಷ್ಟು ಮಂದಿ ಇದ್ದರೋ. ಅವರು ಕೂಗಿ ಕೂಗಿ ನಿಲ್ಲಿಸಿರಬೇಕು, ನಾನು ಅವರ ಮೇಲೆಯೇ ಮತ್ತೆ ಕರೆ ಕೊಟ್ಟಿರಬೇಕು. ಈ ಯೋಚನೆ ನನ್ನನ್ನು ಇಂದಿಗೂ ಕಾಡುತ್ತದೆ.

ರಿಸೀವರ್ ಕಿವುಡಾಗಿದೆಯೇ ಎಂದು ತಿಳಿಯಲು ಆಂಟೆನಾದ ಕೇಬಲ್ ಕಳಚಿದೆ. ಮುಳ್ಳು ಪೂರ್ತಿ ಕೆಳಗೆ ಬಿತ್ತು. ರಿಸೀವರ್ ಸರಿಯಿತ್ತು, ಗದ್ದಲ ಹೊರಗಿನಿಂದಲೇ ಬರುತ್ತಿತ್ತು. ಹೊರಗೆ ಎಂದರೆ ಎಲ್ಲಿ? ಏಪ್ರಿಲ್, ಮೇ ಎಂದರೆ ನಮ್ಮಲ್ಲಿ ಗುಡುಗು ಸಿಡಿಲಿನ ಕಾಲ. ನೂರಾರು, ಸಾವಿರಾರು ಮೈಲಿ ದೂರದ ಮಿಂಚುಗಳ ಚಟಪಟವೂ ಅಯಾನುಗೋಳದಿಂದ ಪುಟಿದು ರೇಡಿಯೋಗೆ ಬರುತ್ತದೆ, ಉಷ್ಣವಲಯದಲ್ಲಿ ಅದು ಹೆಚ್ಚು. ಇದು ನಮ್ಮ ಅಕ್ಷಾಂಶದ ಹಣೆಬರಹ ಎಂದುಕೊಂಡು ಕೈಬಿಡುವುದರಲ್ಲಿದ್ದೆ.

ಬಸವ ಜಯಂತಿಯ ಮಧ್ಯಾಹ್ನ

2024ರ ಮೇ 10, ಶುಕ್ರವಾರ. ಬಸವ ಜಯಂತಿಯ ರಜೆ. ಊಟಕ್ಕೆ ಮೊದಲು 20 ಮೀಟರ್ ಬ್ಯಾಂಡ್ ಕೇಳುತ್ತ ಕೂತಿದ್ದೆ. ಇಂಡೋನೇಷ್ಯಾ ಮತ್ತು ಥಾಯ್ಲೆಂಡ್‌ನ ಐದಾರು ಕೇಂದ್ರಗಳು ಗದ್ದಲದ ಮೇಲೆ ತೇಲುತ್ತಿದ್ದವು. 12 ಗಂಟೆ 20 ನಿಮಿಷದ ಸುಮಾರಿಗೆ ಅವು ಒಂದೊಂದಾಗಿ ತೆಳುವಾಗಿ, ಕೆಲವೇ ನಿಮಿಷಗಳಲ್ಲಿ ಬ್ಯಾಂಡಿನ ಈ ತುದಿಯಿಂದ ಆ ತುದಿಯವರೆಗೆ ಒಂದೂ ಉಳಿಯಲಿಲ್ಲ. ಕೇಬಲ್ ಬಿಚ್ಚಿಕೊಂಡಿತೇನೋ ಎಂದು ತಾರಸಿಗೆ ಓಡಿದೆ. ತಂತಿ ತನ್ನ ಪಾಡಿಗೆ ತಾನಿತ್ತು. ತಲೆಯ ಮೇಲೆ ಸುಡುವ ಬಿಸಿಲು.

ಆ ಬಿಸಿಲಿನದೇ ಕೆಲಸ ಅದು. 12 ಗಂಟೆ 24 ನಿಮಿಷಕ್ಕೆ ಸೂರ್ಯನ ಮೇಲೆ ಎಕ್ಸ್3.9 ಮಟ್ಟದ (ಎಕ್ಸ್ ಎಂದರೆ ಅತಿ ಬಲದ ವರ್ಗ) ಜ್ವಾಲೆ ತುತ್ತತುದಿ ಮುಟ್ಟಿತ್ತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯಿಂದ ಸುಮಾರು 5 ಡಿಗ್ರಿ ಮಾತ್ರ ಆಚೆ. ಜ್ವಾಲೆಯ ಎಕ್ಸ್ ಕಿರಣ ಅತಿ ನೇರವಾಗಿ ಬಿದ್ದ ಪ್ರದೇಶಗಳಲ್ಲಿ ನಮ್ಮದೂ ಒಂದು. ಆ ಕಿರಣಗಳು ಡಿ ಪದರದಲ್ಲಿ ಒಮ್ಮೆಲೇ ಎಲೆಕ್ಟ್ರಾನುಗಳನ್ನು ತುಂಬಿದಾಗ ಹ್ರಸ್ವ ತರಂಗಗಳು ಅಲ್ಲೇ ಹೀರಿಹೋಗುತ್ತವೆ, ಅಲೆಯನ್ನು ಪುಟಿಸುವ ಮೇಲಿನ ಎಫ್ ಪದರವನ್ನು ಮುಟ್ಟಿ ಬರುವ ಹಾದಿಯೇ ಮುಚ್ಚುತ್ತದೆ.

ಇದೆಲ್ಲ ತಿಳಿದದ್ದು ಆಮೇಲೆ. ಆ ಕ್ಷಣ ನಾನು ಕಂಡದ್ದು ಎಸ್-ಮೀಟರನ್ನು. ಸಂಕೇತಗಳೆಲ್ಲ ಸತ್ತಿದ್ದವು, ಮುಳ್ಳು ಮಾತ್ರ 7ರ ಮೇಲಿಂದ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ದೂರದ ಮಿಂಚಿನ ಗದ್ದಲವೂ ಇಂಡೋನೇಷ್ಯಾದ ಸಂಕೇತ ಬರುವ ದಾರಿಯಿಂದಲೇ ಬರಬೇಕು. ದಾರಿ ಮುಚ್ಚಿದರೆ ಅದೂ ಸಾಯಬೇಕು. ಸಾಯಲಿಲ್ಲವೆಂದರೆ ಅದು ಆಕಾಶದಿಂದ ಬಂದದ್ದಲ್ಲ. ನಾನು ಹಣೆಬರಹ ಎಂದುಕೊಂಡದ್ದು ಅಷ್ಟೂ ಈ ಬೀದಿಯಲ್ಲೇ, ಬಹುಶಃ ಈ ಮನೆಯಲ್ಲೇ ಹುಟ್ಟುತ್ತಿತ್ತು. ಆಕಾಶವನ್ನೇ ಒಂದು ಗಂಟೆ ಸ್ವಿಚ್ ಆಫ್ ಮಾಡಿ ತೋರಿಸಿದಂಥ ಪರೀಕ್ಷೆ. ಯಾವ ಪ್ರಯೋಗಾಲಯದಲ್ಲೂ ಅದನ್ನು ಬೇಕೆಂದಾಗ ಮಾಡಲಾಗದು.

ಅಂದು ರಾತ್ರಿಯೇ ಸೌರದ್ರವ್ಯದ ಮೋಡ ಭೂಮಿಗೆ ಬಡಿದು, 2003ರ ನಂತರದ ಅತಿ ತೀವ್ರ ಭೂಕಾಂತೀಯ ಬಿರುಗಾಳಿ ಎದ್ದಿತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಶನಿವಾರ, ಭಾನುವಾರ ನನ್ನ ವಿಸ್ಪರ್ ವರದಿಗಳು ಬೆರಳೆಣಿಕೆಗೆ ಇಳಿದವು. ಕೇಳಲು ಏನೂ ಇಲ್ಲದ ಆ ಎರಡು ದಿನ ಗದ್ದಲ ಹುಡುಕಲು ಒದಗಿ ಬಂದವು.

ಹುಡುಕಾಟ

ಸೆಟ್ಟನ್ನು ಬ್ಯಾಟರಿಗೆ ಹಾಕಿ, ಮನೆಯ ಮೇನ್ ಸ್ವಿಚ್ ಇಳಿಸಿ, ಯುಪಿಎಸ್ಸನ್ನೂ ಆರಿಸಿದೆ. ಮುಳ್ಳು 7ರಿಂದ 6ಕ್ಕೆ ಬಂತು. ಒಂದೇ ಗೆರೆ. ಇಲ್ಲಿ ಅನೇಕರು ನಿರಾಶರಾಗಿ ನಿಲ್ಲಿಸುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಮಾನ ಬಲದ ಎರಡು ಗದ್ದಲಗಳಿದ್ದು ಒಂದನ್ನು ಪೂರ್ತಿ ನಿಲ್ಲಿಸಿದರೂ ಇಳಿಯುವುದು 3 ಡೆಸಿಬೆಲ್, ಅರ್ಧ ಗೆರೆ. ನಾಲ್ಕರಲ್ಲಿ ಒಂದನ್ನು ನಿಲ್ಲಿಸಿದರೆ ಮುಳ್ಳು ಅಲುಗಿದ್ದೂ ಕಾಣುವುದಿಲ್ಲ. ಒಂದೊಂದೇ ಪ್ಲಗ್ ಕಿತ್ತು ನೋಡಿ ಮತ್ತೆ ಚುಚ್ಚುತ್ತ ಹೋದರೆ ಎಲ್ಲವೂ ನಿರ್ದೋಷಿಗಳಾಗಿ ಕಾಣುತ್ತವೆ. ಎಲ್ಲವನ್ನೂ ಆರಿಸಿಟ್ಟು, ಒಂದೊಂದನ್ನೇ ಹಚ್ಚುತ್ತ ಬರಬೇಕು. ಮೌನದ ಮೇಲೆ ಬಿದ್ದ ಮೊದಲ ಸದ್ದು ಚೆನ್ನಾಗಿ ಕೇಳಿಸುತ್ತದೆ.

ಹಾಗೆ ಸಿಕ್ಕಿದ್ದು ಮೂರು: ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ಅಡಾಪ್ಟರ್, ಫೋನಿನ ಒಂದು ಅಗ್ಗದ ಚಾರ್ಜರ್, ದೇವರಮನೆಯಲ್ಲಿ ಹಗಲಿರುಳು ಉರಿಯುವ ಸಣ್ಣ ಎಲ್ಇಡಿ ಬಲ್ಬು. ಮೂರರೊಳಗೂ ಕೆಲಸ ಒಂದೇ, ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೊಡುವುದು. ಫಿಲ್ಟರ್ ಇಲ್ಲದಿದ್ದರೆ ಆ ಕತ್ತರಿಯ ಸದ್ದು ಮನೆಯ ವೈರಿಂಗಿನುದ್ದಕ್ಕೂ ಹರಿಯುತ್ತದೆ. ಅಲ್ಲಿಂದ ಅದು ನನ್ನ ಆಂಟೆನಾ ಕೇಬಲ್ಲಿನ ಹೊರಜಾಲರಿಯ ಮೈಮೇಲೆ ಹತ್ತಿ, ತಾರಸಿಯವರೆಗೆ ಹೋಗಿ, ತಂತಿಯ ಜೋಡಣೆಯಲ್ಲಿ ಒಳನುಗ್ಗಿ, ಆಸ್ಟ್ರೇಲಿಯಾದಿಂದ ಬಂದ ಸಂಕೇತದ ಜೊತೆಯಲ್ಲೇ ಕೆಳಗಿಳಿಯುತ್ತಿತ್ತು. ಫೆಬ್ರವರಿಯಲ್ಲಿ ತಂತಿ ಎತ್ತಿದರೂ ಗದ್ದಲ ಇಳಿಯದೇ ಇದ್ದದ್ದು ಇದರಿಂದ. ಮೂರು ವಸ್ತುಗಳನ್ನೂ ಬದಲಿಸಿದೆ. ಕೇಬಲ್ಲನ್ನು, ಇಂಥ ಸದ್ದನ್ನು ತಡೆಯುವ ಫೆರೈಟ್ ಬಳೆಯೊಂದಕ್ಕೆ 12 ಸುತ್ತು ಸುತ್ತಿ ತಂತಿಯ ಜೋಡಣೆಯಲ್ಲಿಟ್ಟೆ, ಅಂಥದ್ದೇ ಇನ್ನೊಂದನ್ನು ಕೇಬಲ್ ಮನೆಯೊಳಗೆ ಬರುವ ಕಿಟಕಿಯಲ್ಲಿಟ್ಟೆ. ಮೇನ್ ಸ್ವಿಚ್ ಹಾಕಿದ ಮೇಲೂ ಮುಳ್ಳು 6ರಲ್ಲೇ ನಿಂತಿತು.

ಉಳಿದದ್ದು ಹೊರಗಿನದು. ಪುಟ್ಟ ಟ್ರಾನ್ಸಿಸ್ಟರನ್ನು ಮಧ್ಯಮ ತರಂಗದಲ್ಲಿ, ಎರಡು ಆಕಾಶವಾಣಿ ಕೇಂದ್ರಗಳ ನಡುವಿನ ಖಾಲಿ ಜಾಗಕ್ಕೆ ತಿರುಗಿಸಿ ತಾರಸಿಯ ಅಂಚಿನಲ್ಲಿ ನಡೆದೆ. ಪಶ್ಚಿಮದ ಗೋಡೆಯ ಬಳಿ ಗರಗರ ಜೋರಾಯಿತು. ಆ ಕಡೆ ನಿವೃತ್ತ ಮೇಷ್ಟರ ಮನೆ, ಗೇಟಿನ ಮೇಲೆ ಸಿಸಿಟಿವಿ ಕ್ಯಾಮೆರಾ. ಫೋನ್ ಮಾಡಿದೆ.

"ಮೇಷ್ಟ್ರೇ, ನಿಮ್ಮ ಕ್ಯಾಮೆರಾದ ಅಡಾಪ್ಟರನ್ನು ಎರಡು ನಿಮಿಷ ಆರಿಸುತ್ತೀರಾ?"

"ಆರಿಸುತ್ತೇನಪ್ಪ, ಅದಕ್ಕೇನು. ಆದರೆ ನಿನ್ನ ರೇಡಿಯೋಗೂ ನನ್ನ ಗೇಟಿಗೂ ಎಲ್ಲಿಯ ಸಂಬಂಧ?"

ಮಾತಿನಲ್ಲಿ ಹೇಳುವ ಬದಲು ಫೋನನ್ನು ಸ್ಪೀಕರಿನ ಪಕ್ಕ ಹಿಡಿದೆ. ಆ ಕಡೆ ಸ್ವಿಚ್ಚಿನ ಸದ್ದು. ಈ ಕಡೆ ಗದ್ದಲ ಕುಸಿಯಿತು, ಮುಳ್ಳು 5ರ ಗೆರೆಗಿಂತ ತುಸು ಕೆಳಗೆ ಬಂದು ನಿಂತಿತು.

"ಮಳೆ ನಿಂತ ಹಾಗಾಯಿತಲ್ಲ!" ಎಂದರು ಮೇಷ್ಟ್ರು.

ನಾಲ್ಕು ತಿಂಗಳಿನಿಂದ ನಾನು ಕೇಳುತ್ತಿದ್ದದ್ದು ಏನೆಂದು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಒಳ್ಳೆಯ ಅಡಾಪ್ಟರನ್ನು ನಾನೇ ತಂದುಕೊಟ್ಟೆ. ಅದರ ದುಡ್ಡನ್ನು ಅವರು ಬಲವಂತವಾಗಿ ನನ್ನ ಜೇಬಿಗೆ ತುರುಕಿದರು.

ಆಮೇಲಿನ ಅಂಕಿಗಳು

ಜೂನ್‌ನಲ್ಲಿ ಪರ್ತ್‌ನ ಲೆಕ್ಕವನ್ನು ಮತ್ತೆ ಮಾಡಿದೆ. ಈ ಸಲ ಒಂದೇ ಸಂಜೆಯ ಜೋಡಿಯನ್ನು ನಂಬದೆ, ಎರಡೂ ದಿಕ್ಕಿನ ವರದಿ ಸಿಕ್ಕ ಹನ್ನೊಂದು ಸಂಜೆಗಳನ್ನು ತೆಗೆದುಕೊಂಡೆ. ಸೋರಿಕೆಯ ನಡುವಣ ಬೆಲೆ 6 ಡೆಸಿಬೆಲ್. 19ರಲ್ಲಿ 13 ಮರಳಿ ಬಂದಿತ್ತು. 5 ವಾಟ್‌ನಿಂದ 100 ವಾಟ್‌ಗೆ ಏರಿದ್ದರೆ ನನ್ನ ಸಂಕೇತಕ್ಕೆ ಸಿಗುತ್ತಿದ್ದದ್ದೂ ಇದೇ 13. ಆದರೆ 100 ವಾಟ್ ಕೊಂಡುತಂದಿದ್ದರೆ ಈ ಪ್ರಕರಣದಲ್ಲಿ ಕಿಂಚಿತ್ತೂ ಉಪಯೋಗವಾಗುತ್ತಿರಲಿಲ್ಲ, ನನ್ನನ್ನು ಕೇಳುವವರು ಹೆಚ್ಚುತ್ತಿದ್ದರು, ಉತ್ತರ ಸಿಗದವರೂ ಹೆಚ್ಚುತ್ತಿದ್ದರು. ಪರವಾನಗಿ ಪಡೆದ ಹೊಸತರಲ್ಲಿ ಆಂಪ್ಲಿಫೈಯರ್‌ಗೆ ದುಡ್ಡು ಕೂಡಿಡುವ ಹುಡುಗರಿಗೆ ನಾನು ಈ ಎರಡು 13ಗಳನ್ನು ತೋರಿಸುತ್ತೇನೆ.

ಉಳಿದ 6 ಊರಿನದು. ಅದನ್ನು ಒಬ್ಬ ಮೇಷ್ಟರನ್ನು ಕೇಳಿ ಆರಿಸಲಾಗದು. ಬೆಂಗಳೂರಿನಿಂದ ಸುಮಾರು 100 ಕಿ.ಮೀ. ಉತ್ತರದ ಗೌರಿಬಿದನೂರಿನಲ್ಲಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಆಲಿಸುವ ರೇಡಿಯೋ ದೂರದರ್ಶಕವನ್ನು ಕಟ್ಟಿದ ವಿಜ್ಞಾನಿಗಳು ಊರಿನ ಸದ್ದಿನಿಂದ ಅಷ್ಟು ದೂರ ಹೋದದ್ದರ ಬೆಲೆ ನನಗೆ ಈ 6 ಡೆಸಿಬೆಲ್‌ನಿಂದ ಅರ್ಥವಾಯಿತು.

ಜೂನ್‌ನ ಕೊನೆಯ ಭಾನುವಾರ ಸಂಜೆ 14.060ರಲ್ಲಿ ಮೂರನೆಯ ಕರೆಗೆ ಜಪಾನಿನ ಕೇಂದ್ರವೊಂದು ಉತ್ತರಿಸಿತು. ನನಗೆ 449 ಕೊಟ್ಟರು (ಓದುವಿಕೆ, ಬಲ, ಸ್ವರ ಎಂಬ ಮೂರಕ್ಕೆ ಒಂದೊಂದು ಅಂಕಿ), ಓದಬಹುದು ಆದರೆ ಬಲ ಕಡಿಮೆ ಎಂದು ಅರ್ಥ. ನಾನು ಅವರಿಗೆ 559 ಕೊಟ್ಟೆ. ಹಳೆಯ ಗದ್ದಲದಲ್ಲಿ, ಮುಳ್ಳು 7ರಲ್ಲಿದ್ದಾಗ, 5ರ ಬಲದ ಆ ಸಂಕೇತ ಬಂದು ಹೋದದ್ದೂ ನನಗೆ ತಿಳಿಯುತ್ತಿರಲಿಲ್ಲ. ಆಗಸ್ಟ್ ಮುಗಿಯುವಷ್ಟರಲ್ಲಿ ಲಾಗ್‌ನಲ್ಲಿ 41 ಸಂಪರ್ಕಗಳು, 17 ದೇಶಗಳು. ಎಲ್ಲವೂ 5 ವಾಟ್ ಅಥವಾ ಅದಕ್ಕಿಂತ ಕಡಿಮೆ.

ಸೆಪ್ಟೆಂಬರ್‌ನಲ್ಲಿ ಹೊಸದೊಂದು ಕಾಣಿಸಿತು. ಸಂಜೆ ಏಳೂವರೆಯಿಂದ ಹತ್ತರವರೆಗೆ ಕೆಲವು ದಿನ ವಿಸ್ಪರ್ ಸಂಕೇತಗಳು ಪರದೆಯ ಮೇಲೆ ದಪ್ಪವಾಗಿ, ಸ್ಪಷ್ಟವಾಗಿ ಕಾಣುತ್ತವೆ, ಆದರೆ ಗಣಕ ಒಂದನ್ನೂ ಬಿಡಿಸುವುದಿಲ್ಲ. ಮೋರ್ಸ್ ಕೇಳಿದರೆ ಹೊಯ್ಗಾಳಿಗೆ ಸಿಕ್ಕ ದೀಪದಂತೆ ಸ್ವರ ನಡುಗುತ್ತದೆ. ಈ ಸಲ ಮೇನ್ ಸ್ವಿಚ್ ಇಳಿಸುವ ಅಗತ್ಯ ಬೀಳಲಿಲ್ಲ. ಭೂಕಾಂತೀಯ ಸಮಭಾಜಕ ವೃತ್ತ ಭಾರತದ ದಕ್ಷಿಣ ತುದಿಯನ್ನು ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಮೊದಲ ರಾಕೆಟ್ ಹಾರಿಸಲು ಆ ಮೀನುಗಾರರ ಹಳ್ಳಿಯನ್ನು ಆರಿಸಿದ್ದೂ ಅದು ಈ ವೃತ್ತದ ಸಮೀಪವಿದ್ದ ಕಾರಣ. ಸೂರ್ಯ ಮುಳುಗಿದ ಮೇಲೆ ಇಲ್ಲಿನ ಎಫ್ ಪದರ ಮೇಲೇರಿ, ಅದರ ತಳ ಕುದಿಯುವ ನೀರಿನಂತೆ ಗುಳ್ಳೆಗುಳ್ಳೆಯಾಗಿ ಒಡೆಯುತ್ತದೆ. ಹಗಲು ರಾತ್ರಿ ಸಮವಿರುವ ತಿಂಗಳುಗಳಲ್ಲಿ ನಮ್ಮ ರೇಖಾಂಶದಲ್ಲಿ ಇದು ಹೆಚ್ಚು. ಆ ಕಲಕಿದ ಪದರದಿಂದ ಪುಟಿದ ಸ್ವರ ಕೆಲವು ಹರ್ಟ್ಸ್ ಅಗಲಕ್ಕೆ ಹರಡಿಕೊಳ್ಳುತ್ತದೆ. ವಿಸ್ಪರ್‌ನ ಸ್ವರಗಳ ನಡುವಿನ ಅಂತರ ಒಂದೂವರೆ ಹರ್ಟ್ಸ್ ಕೂಡ ಇಲ್ಲ, ಹಾಗಾಗಿ ಒಂದರ ಮೇಲೊಂದು ಬಿದ್ದು ಅಕ್ಷರ ಅಳಿಸಿಹೋಗುತ್ತದೆ.

ಲಾಗ್ ಪುಸ್ತಕದಲ್ಲಿ ಅದಕ್ಕೊಂದು ಬೇರೆ ಅಂಕಣ ಎಳೆದಿದ್ದೇನೆ. ಮುಳ್ಳು 5ರ ಕೆಳಗಿದ್ದು, ಸಂಕೇತ ಕಣ್ಣಿಗೆ ಕಂಡು, ಬಿಡಿಸಲಾಗದ ಸಂಜೆಗಳಿಗೆ ಅಲ್ಲೊಂದು ಗುರುತು. ಸೆಪ್ಟೆಂಬರ್‌ನಲ್ಲಿ ಅಂಥವು ಒಂಬತ್ತು.